ಕತ್ತೆಗೆ ಮಣಿಯ ಕಣ್ಣು

ಪರದೆಯಕ್ಕ ಜಗಳಗಂಟಿಯಲ್ಲ. ಅಂಗಡಿಗೆ ಬಂದ ಗಿರಾಕಿ ರೇಗಿದರೆ ತುಟಿ ಪಿಟಕ್ಕೆನ್ನದೆ ಕೇಳಿಸಿಕೊಳ್ಳುತ್ತಾಳೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ತಪ್ಪು ತನ್ನ ಕಾಲಿನದೇ ಎನ್ನುವ ಹಾಗೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಆದರೆ ಐಸ್ ಮೇಲೆ ಸ್ಕೇಟಿಂಗ್ ಮಾಡುವ ಆ ಒಬ್ಬ ಹುಡುಗನಿಗೆ ಜಡ್ಜುಗಳು ಕೊಡುವ ಅಂಕ ಸರಿಯಾಗಿಯೇ ಇದೆ ಎಂದು ಅವಳ ಎದುರಿಗೆ ಹೇಳಿ ನೋಡಬೇಕು. ಕತ್ತರಿ ಕೆಳಗಿಟ್ಟು, ಕನ್ನಡಕ ತೆಗೆದು, ಎದ್ದೇ ನಿಲ್ಲುತ್ತಾಳೆ.

ಅವಳ ಕೆಲಸ ಪರದೆ ಹೊಲಿಯುವುದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಎರಡು ಮಿಷನ್ನು, ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು, ಮೂಲೆಯಲ್ಲಿ ಸದಾ ಬಿಸಿಯಾಗಿರುವ ಇಸ್ತ್ರಿ ಪೆಟ್ಟಿಗೆ. ಪರದೆ ನೆಟ್ಟಗೆ ಇಳಿಬೀಳಲೆಂದು ಅಂಚಿನೊಳಗೆ ಸಣ್ಣ ಸೀಸದ ಗುಂಡು ಇಟ್ಟು ಹೊಲಿಯುತ್ತಾಳೆ, ಅದು ಅಲ್ಲಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ನೋಡಿದವರು ಬಟ್ಟೆಯನ್ನು ಹೊಗಳುತ್ತಾರೆ, ಬಣ್ಣವನ್ನು ಹೊಗಳುತ್ತಾರೆ, ಕಿಟಕಿ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಹೊಲಿಗೆ ಕಣ್ಣಿಗೆ ಬಿದ್ದರೆ ಬೈಗುಳ, ಬೀಳದಿದ್ದರೆ ಏನೂ ಇಲ್ಲ. ಇದರ ಬಗ್ಗೆ ತನಗೆ ಯಾವ ಬೇಜಾರೂ ಇಲ್ಲ ಎಂದು ಅವಳು ಹೇಳುತ್ತಾಳೆ. ಯಾರೂ ಕೇಳದಿದ್ದರೂ ಹೇಳುತ್ತಾಳೆ.

ಆ ಹುಡುಗನನ್ನು ಅವಳು ಮೊದಲು ನೋಡಿದ್ದು ಅಂಗಡಿಯ ಟಿವಿಯಲ್ಲಿ. ಮಡಿಲಲ್ಲಿ ಯಾವುದೋ ಆಫೀಸಿನ ಪರದೆ, ಬಾಯಲ್ಲಿ ಗುಂಡುಪಿನ್ನು. ಅವನು ಆರಂಭದಲ್ಲೇ ಜಾರಿ ಬಿದ್ದ. ಬಿದ್ದವನು ಎದ್ದು, ಏನೂ ಆಗದವನ ಹಾಗೆ ಉಳಿದದ್ದೆಲ್ಲವನ್ನೂ ಅಚ್ಚುಕಟ್ಟಾಗಿ ಮುಗಿಸಿ, ನಾಲ್ಕು ದಿಕ್ಕಿಗೂ ತಲೆ ಬಾಗಿಸಿದ. ಅಂಕ ಬಂದಾಗ ಮುಖ ಸಪ್ಪಗೆ ಮಾಡಲಿಲ್ಲ, 'ಆಗಲಿ' ಎನ್ನುವ ಹಾಗೆ ತಲೆಯಾಡಿಸಿದ. ಆ ತಲೆಯಾಡಿಸುವಿಕೆ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಪಿನ್ನುಗಳನ್ನು ಬಾಯಿಂದ ತೆಗೆದು, ಅವನು ಯಾರು ಎಂದು ಮಾಲೀಕರನ್ನು ಕೇಳಿದಳು.

ಆಮೇಲೊಮ್ಮೆ ಯಾರೋ ಮೈಕು ಹಿಡಿದು, ನಿಮ್ಮ ಹೆಸರು ಯಾಕೆ ಜಾಸ್ತಿ ಓಡಾಡುತ್ತಿಲ್ಲ ಎಂದು ಅವನನ್ನು ಕೇಳಿದರು. "ನಾನು ಕತ್ತೆ ಜಾತಿ. ದುಡಿಯೋದು ಗೊತ್ತು, ಹಾರೋದು ಅಷ್ಟಕ್ಕಷ್ಟೆ," ಎಂದು ನಕ್ಕುಬಿಟ್ಟ. ಅಂದಿನಿಂದ ಅಭಿಮಾನಿಗಳ ಬಾಯಲ್ಲಿ ಅವನು ಕತ್ತೆ, ಅವರು ಕತ್ತೆ ಬಳಗ. ಸ್ಕೇಟಿಂಗ್ ಮುಗಿದ ಕೂಡಲೇ ಮೆಚ್ಚಿದವರು ಐಸ್ ಮೇಲೆ ಬಟ್ಟೆಯ ಬೊಂಬೆಗಳನ್ನು ಎಸೆಯುವುದು ಆ ಆಟದಲ್ಲಿ ನಡೆದುಬಂದ ಪದ್ಧತಿ. ಬೇರೆಯವರಿಗೆ ಕರಡಿ, ಮೊಲ ಬೀಳುತ್ತವೆ. ಇವನಿಗೆ ಬೀಳುವುದು ಕತ್ತೆ. ಆ ಕತ್ತೆಗಳಲ್ಲಿ ಹೆಚ್ಚಿನವು ಪರದೆ ಬಟ್ಟೆಯ ಚೂರುಗಳಿಂದ ಹುಟ್ಟಿದವು.

"ಮನೇಲಿರೋ ಕತ್ತೆಗೂ ಯಾವತ್ತಾದ್ರೂ ಅಂಕ ಕೊಡು," ಎನ್ನುತ್ತಾನೆ ಸಿಟಿ ಬಸ್ಸು ಓಡಿಸುವ ಅವಳ ಗಂಡ. ಅವಳು ಹೊಲಿಗೆಯಿಂದ ತಲೆ ಎತ್ತದೆ, "ಊಟ ಬಡಿಸಿದೀನಲ್ಲ, ಅದೇ ಅಂಕ," ಎನ್ನುತ್ತಾಳೆ.

ಬಳಗ ಸೇರುವುದು ಬಸ್ ಡಿಪೋ ಹಿಂದಿರುವ ಸ್ಕೇಟಿಂಗ್ ರಿಂಕಿನ ಕ್ಯಾಂಟೀನಿನಲ್ಲಿ. ಮುಖಂಡರು ನಿವೃತ್ತ ಲೆಕ್ಕದ ಮೇಷ್ಟ್ರು. ಅಲ್ಲಿಗೆ ತಪ್ಪದೆ ಬರುವ ಇನ್ನೊಬ್ಬಳು ಪರದೆಯಕ್ಕನ ನಾದಿನಿ. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವಳು. ಅವಳು ಕತ್ತೆಯ ಒಂದು ಸ್ಪರ್ಧೆಯನ್ನೂ ಬಿಡದೆ ನೋಡುತ್ತಾಳೆ, ಆದರೆ ಈವರೆಗೆ ಒಂದು ಬೊಂಬೆಯನ್ನೂ ಎಸೆದವಳಲ್ಲ. ಇಷ್ಟ ಬೇರೆ, ಅಂಕ ಬೇರೆ ಎನ್ನುವುದು ಅವಳ ಹಟ.

ದೊಡ್ಡ ಸ್ಪರ್ಧೆ ಹತ್ತಿರ ಬಂದ ಆ ಭಾನುವಾರವೂ ಅದೇ ಜಗಳ. ಮೇಷ್ಟ್ರು ಮೇಜಿನ ಮೇಲೆ ನಾಲ್ಕು ಹನಿ ನೀರು ಚೆಲ್ಲಿ ಬೆರಳಿನಿಂದ ವೃತ್ತ ಎಳೆದರು.

"ಅವನ ಬೂಟಿನ ಬ್ಲೇಡು ಐಸ್ ಮೇಲೆ ಬಿಡಿಸೋ ಗೆರೆ ನೋಡಿ. ಕೈವಾರ ಇಟ್ಟು ಎಳೆದ ಹಾಗಿರತ್ತೆ. ಜಡ್ಜುಗಳು ಗಾಳೀಲಿ ಏನು ನಡೀತಿದೆ ಅಂತ ಬಾಯಿ ಬಿಟ್ಕೊಂಡು ನೋಡ್ತಾರೆ. ನೆಲದ ಕಡೆ ಯಾರಿಗಿದೆ ಗಮನ?"

"ಮೇಷ್ಟ್ರೇ, ಆ ಕಪ್ಪೆ ಗಾಳೀಲಿ ನಾಲ್ಕು ಸುತ್ತು ತಿರುಗ್ತಾನೆ, ನಮ್ಮೋನು ಮೂರು," ಎಂದಳು ನಾದಿನಿ. ಕಪ್ಪೆ ಎಂದರೆ ಕತ್ತೆಯ ಎದುರಾಳಿ. ಬರೀ ಹಾರುತ್ತಾನೆಂದು ಬಳಗವೇ ಇಟ್ಟ ಹೆಸರು. "ನಾಲ್ಕು ದೊಡ್ಡದೋ ಮೂರು ದೊಡ್ಡದೋ, ಲೆಕ್ಕದ ಮೇಷ್ಟ್ರಿಗೆ ನಾನು ಹೇಳ್ಕೊಡಬೇಕಾ?"

"ನಾಲ್ಕು ತಿರುಗಿ ಮುಗ್ಗರಿಸಿದ್ರೆ?"

"ಮುಗ್ಗರಿಸಿದ್ದಕ್ಕೆ ಕಳೀತಾರೆ. ಕಳೆದ ಮೇಲೂ ಜಾಸ್ತಿ ಉಳಿಯತ್ತೆ. ಇದ್ರಲ್ಲಿ ಅನ್ಯಾಯ ಎಲ್ಲಿಂದ ಬಂತು?"

"ಜಡ್ಜುಗಳಿಗೆ ಕಣ್ಣಿಲ್ಲ, ಅಷ್ಟೆ," ಎಂದಳು ಪರದೆಯಕ್ಕ.

"ದಿನಾ ಕಣ್ಣು ನೋಡೋಳು ನಾನು ಅತ್ತಿಗೆ. ಕನ್ನಡಕ ಬೇಕಾಗಿರೋದು ಅವ್ರಿಗಲ್ಲ, ನಿಮಗೆಲ್ಲ." ನಾದಿನಿ ಮೇಜಿನ ಮೇಲೆ ಸಾಲಾಗಿ ಕೂತಿದ್ದ ಹೊಸ ಕತ್ತೆಗಳಲ್ಲಿ ಒಂದನ್ನು ಎತ್ತಿ ನೋಡಿದಳು. "ಕಣ್ಣಿನ ಮಾತು ಬಂತಲ್ಲ, ಇದಕ್ಕೆಲ್ಲಿ ಕಣ್ಣು? ಬೂದು ಬಟ್ಟೆ ಮೇಲೆ ಕಪ್ಪು ದಾರ. ದೂರದಿಂದ ಕುರುಡು ಕತ್ತೆ ಥರ ಕಾಣ್ಸತ್ತೆ."

ಎಲ್ಲರೂ ನಕ್ಕರು. ಪರದೆಯಕ್ಕನೂ ನಕ್ಕಳು, ಆದರೆ ಆ ಮಾತು ನೇರ ಹೋಗಿ ಎದೆಗೆ ನಾಟಿತು. ಹೊಗಳದಿದ್ದರೆ ಬೇಡ, ಕುರುಡು ಎನ್ನಬೇಕೆ?

ಕತ್ತೆಯ ಕಣ್ಣು ದಾರದ್ದೇ ಆಗಿರಬೇಕು ಎನ್ನುವುದಕ್ಕೆ ಕಾರಣವಿತ್ತು. ಐಸ್ ಮೇಲೆ ಒಂದು ಗುಂಡಿ, ಒಂದು ಮಣಿ, ಒಂದು ಮಿನುಗು ಬಿದ್ದರೂ ಮುಂದಿನವನ ಬ್ಲೇಡಿಗೆ ಸಿಕ್ಕಿ ಅವನು ಬೀಳಬಹುದು. ಓಡುವ ವೇಗದಲ್ಲಿ ಬಿದ್ದರೆ ಕಾಲು ಮುರಿಯಬಹುದು, ತಲೆ ಒಡೆಯಬಹುದು. ಅದಕ್ಕೇ ಬೊಂಬೆಗೆ ಅಂಟಿಸಿದ್ದು ಏನೂ ಇರಬಾರದು, ಪ್ರತಿ ಬೊಂಬೆಯನ್ನೂ ಪಾರದರ್ಶಕ ಚೀಲದಲ್ಲಿ ಹಾಕಿ ಬಾಯಿ ಕಟ್ಟಬೇಕು. ಈ ನಿಯಮವನ್ನು ಬಳಗದ ಹೊಸಬರಿಗೆಲ್ಲ ಗಿಣಿಗೆ ಹೇಳಿದಂತೆ ಹೇಳಿಕೊಡುತ್ತಿದ್ದವಳು ಬೇರೆ ಯಾರೂ ಅಲ್ಲ, ಪರದೆಯಕ್ಕನೇ.

ಆದರೂ ಅವಳು ಒಂದು ಕತ್ತೆಗೆ ಮಣಿ ಹೊಲಿದಳು. ಒಂದೇ ಒಂದಕ್ಕೆ, ತನ್ನ ಕೈಯಾರೆ ಎಸೆಯಲಿಕ್ಕೆಂದು ಇಟ್ಟುಕೊಂಡಿದ್ದಕ್ಕೆ. ಮೆಣಸಿನ ಕಾಳಿನಷ್ಟು ದಪ್ಪದ ಎರಡು ಕರಿ ಗಾಜಿನ ಮಣಿ. ಒಂದೇ ದಾರವನ್ನು ಈ ಕಣ್ಣಿನಿಂದ ಆ ಕಣ್ಣಿಗೆ ತಲೆಯೊಳಗಿನಿಂದ ಹಾಯಿಸಿ ಬಿಗಿದು ಎಳೆದಳು. ಹಾಗೆ ಎಳೆದರೆ ಕಣ್ಣು ಸ್ವಲ್ಪ ಗುಳಿ ಬಿದ್ದು ಜೀವ ಬಂದ ಹಾಗೆ ಕಾಣುತ್ತದೆ. ದೀಪದ ಕೆಳಗೆ ಹಿಡಿದಾಗ ಕತ್ತೆ ಅವಳನ್ನೇ ನೋಡಿತು. ಚೀಲಕ್ಕೆ ಹಾಕಿದರೆ ಆ ಹೊಳಪು ಮಾಸುತ್ತಿತ್ತು, ಹಾಕಲಿಲ್ಲ. ಗಟ್ಟಿಯಾಗಿ ಹೊಲಿದಿದೀನಲ್ಲ, ಏನಾಗತ್ತೆ ಎಂದುಕೊಂಡಳು.

ಸ್ಪರ್ಧೆಯ ಮಧ್ಯಾಹ್ನ ರಿಂಕು ಕಿಕ್ಕಿರಿದಿತ್ತು. ಈ ಸಲ ಗೆದ್ದವನಿಗೆ ವಿಶ್ವ ಸ್ಪರ್ಧೆಗೆ ಹೋಗುವ ಅವಕಾಶ, ಅದೂ ಒಬ್ಬನಿಗೆ ಮಾತ್ರ. ಕತ್ತೆಗೆ ವಯಸ್ಸಾಗುತ್ತಿತ್ತು, ಮೊಣಕಾಲು ತೊಂದರೆ ಕೊಡುತ್ತಿತ್ತು, ಈ ಸಲ ಆಗದಿದ್ದರೆ ಆಟ ಬಿಡುತ್ತಾನೆ ಎಂಬ ಸುದ್ದಿಯಿತ್ತು. ಉಳಿದವರದ್ದೆಲ್ಲ ಮುಗಿದು ಕೊನೆಗೆ ಇಬ್ಬರೇ ಬಾಕಿ. ಮೊದಲು ಕತ್ತೆ, ಆಮೇಲೆ ಕಪ್ಪೆ.

ಪರದೆಯಕ್ಕ ಮುಂದಿನ ಸಾಲಿನಲ್ಲಿ, ಮೇಷ್ಟ್ರು ಮತ್ತು ನಾದಿನಿಯ ನಡುವೆ ಕೂತಿದ್ದಳು. ಚಳಿಗೆ ಎರಡು ಸ್ವೆಟರ್ ಹಾಕಿದ್ದಳು. ಸಂಗೀತ ಶುರುವಾದ ಮೇಲೆ ಅವಳಿಗೆ ನೆಟ್ಟಗೆ ನೋಡುವ ಧೈರ್ಯವಾಗಲಿಲ್ಲ. ಅವನು ಜಿಗಿಯುವಾಗ ತಲೆ ತಗ್ಗಿಸುವಳು, ಬ್ಲೇಡು ಐಸ್ ಕಚ್ಚಿದ ಸದ್ದು ಕೇಳಿದ ಮೇಲೆ ಎತ್ತುವಳು. ಮಡಿಲಲ್ಲಿದ್ದ ಕತ್ತೆಯನ್ನು ಬೆರಳುಗಳು ಅವುಗಳ ಪಾಡಿಗೆ ಹಿಂಡುತ್ತಿದ್ದವು, ಚಿವುಟುತ್ತಿದ್ದವು, ತಿರುಚುತ್ತಿದ್ದವು.

"ಬೀಳಲಿಲ್ಲ," ನಾದಿನಿ ಪಿಸುಗುಟ್ಟಿದಳು. "ಇದ್ರಲ್ಲೂ ನಿಂತ. ನೋಡು ಅತ್ತಿಗೆ, ನೋಡೇ."

ನೋಡಿದಳು. ಕೊನೆಯ ಭಾಗದಲ್ಲಿ ಅವನು ಒಂದೇ ಕಾಲಿನ ಮೇಲೆ ಇಡೀ ರಿಂಕನ್ನು ಬಳಸಿಕೊಂಡು ಬಂದ. ಎಲ್ಲೂ ತಡವರಿಕೆಯಿಲ್ಲ, ಎಲ್ಲೂ ಅವಸರವಿಲ್ಲ. ಸಂಗೀತ ನಿಂತಾಗ ಅವನು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಕತ್ತೆಗಳ ಸುರಿಮಳೆಯಾಯಿತು. ಅವಳೂ ಎದ್ದು, ಕಣ್ಣೀರಿನಲ್ಲಿ ದಿಕ್ಕು ಕಾಣದೆ, ಕೈ ಬೀಸಿ ಎಸೆದಳು. ಅವಳ ಕತ್ತೆ ಐಸ್ ಮೇಲೆ ಬಿದ್ದು ಪುಟಿದು ಉರುಳಿತು. ಪುಟ್ಟ ಸ್ಕೇಟರ್ ಹುಡುಗಿಯರು ಬಂದು ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಹೋದರು.

ಕೂತುಕೊಂಡಾಗ ಮಡಿಲಿನಿಂದ ಏನೋ ಜಾರಿತು. ಹಿಡಿದು ನೋಡಿದಳು. ಕರಿ ಮಣಿ.

ಒಂದು ಮಣಿ ಇಲ್ಲಿದ್ದರೆ ದಾರ ಕಿತ್ತುಹೋಗಿದೆ. ದಾರ ಒಂದೇ. ಅಂದರೆ ಇನ್ನೊಂದು ಕಣ್ಣನ್ನೂ ಹಿಡಿದುಕೊಂಡದ್ದು ಏನೂ ಇಲ್ಲ. ಕುರ್ಚಿಯ ಕೆಳಗೆ ಬಗ್ಗಿ ತಡಕಿದಳು, ಸ್ವೆಟರ್ ಕೊಡವಿದಳು, ನಾದಿನಿಯ ಕಾಲು ಎತ್ತಿಸಿ ನೋಡಿದಳು. ಇಲ್ಲ. ತಲೆ ಎತ್ತಿ ಐಸ್ ನೋಡಿದಳು. ಬ್ಲೇಡು ಕೆತ್ತಿದ ಗೆರೆ, ಕುಳಿ, ದೀಪಗಳ ಬಿಂಬ. ಆ ಬಯಲಿನಲ್ಲಿ ಒಂದು ಕಾಳಿನಷ್ಟರದ್ದು ಎಲ್ಲಿ ಕಾಣಬೇಕು?

ಕತ್ತೆ ಆಚೆ ಬದಿಯಲ್ಲಿ ಕೋಚ್ ಪಕ್ಕ ಬೆಂಚಿನ ಮೇಲೆ ಕೂತು ಅಂಕಕ್ಕಾಗಿ ಕಾಯುತ್ತಿದ್ದ. ಕಪ್ಪೆ ಆಗಲೇ ಐಸ್ ಮೇಲೆ ಇಳಿದು, ಮೈ ಬಿಸಿ ಮಾಡಿಕೊಳ್ಳಲು ಸುತ್ತು ಹಾಕುತ್ತಿದ್ದ. ಒಂದೊಂದು ಸುತ್ತಿಗೂ ವೇಗ ಹೆಚ್ಚುತ್ತಿತ್ತು.

"ಮೇಷ್ಟ್ರೇ, ನನ್ನ ಕತ್ತೆದು ಒಂದು ಮಣಿ ಐಸ್ ಮೇಲೆ ಬಿದ್ದಿದೆ."

ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಮಣೀನಾ? ನೀವಾ? ಬಿದ್ದಿದ್ದು ನೋಡಿದ್ರಾ?"

"ನೋಡಿಲ್ಲ. ಆದ್ರೆ ಬಿದ್ದಿರತ್ತೆ."

"ನೋಡದೇ ಇದ್ದಿದ್ದಕ್ಕೆ ಆಟ ನಿಲ್ಲಿಸ್ತೀರಾ? ಕತ್ತೆ ಬಳಗದವರು ಬೇಕಂತಲೇ ಹಾಕಿದ್ರು ಅಂತಾರೆ. ಅವನ ಹೆಸರೂ ಕೆಡತ್ತೆ." ಮೇಷ್ಟ್ರು ದನಿ ತಗ್ಗಿಸಿದರು. "ಸುಮ್ಮನೆ ಕೂತ್ಕೊಳ್ಳಿ. ಬುಟ್ಟೀಲೇ ಇರತ್ತೆ."

ಇರಬಹುದು. ಬುಟ್ಟಿಯಲ್ಲೇ ಇರಬಹುದು, ಕುರ್ಚಿಯ ಸಂದಿಯಲ್ಲಿರಬಹುದು. ಅವಳು ಕೂತಳು. ಕೂತಾಗ ಇನ್ನೊಂದು ಯೋಚನೆ ಬಂತು: ಅವನು ಬಿದ್ದರೆ ಆ ಅವಕಾಶ ನಮ್ಮ ಕತ್ತೆಗೆ. ಬಂದದ್ದೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಇಷ್ಟು ವರ್ಷ ಬಾಯಿಗೆ ಬಂದಂತೆ ಬೈದ ಆ ಕಪ್ಪೆ, ತೆಳ್ಳನೆಯ ಕುತ್ತಿಗೆಯ, ಕಿವಿ ದೊಡ್ಡದಾದ ಹುಡುಗ, ಅವಳ ಎದುರಿಗೇ ಸರ್ರನೆ ಹಾದುಹೋದ. ಅವನ ಮುಖದಲ್ಲಿ ಹೆದರಿಕೆಯಿತ್ತು. ಅವನಿಗೂ ಕಾಲು ನಡುಗುತ್ತದೆ ಎಂದು ಅವಳಿಗೆ ಅದುವರೆಗೆ ಹೊಳೆದೇ ಇರಲಿಲ್ಲ.

ನಾದಿನಿಗೆ ಏನೂ ಹೇಳದೆ ಎದ್ದು ಓಡಿದಳು. ಜನರ ಮೊಣಕಾಲು ದಾಟಿ, ಮೆಟ್ಟಿಲಿಳಿದು, ಬಳಸುದಾರಿಯಲ್ಲಿ ಆಚೆ ಬದಿಗೆ. ಗೇಟಿನ ಹತ್ತಿರ ಕಾವಲಿನವನು ಕೈ ಅಡ್ಡ ಹಿಡಿದ.

"ಒಳಗೆ ಬಿಡಲ್ಲಮ್ಮ."

"ಐಸ್ ಮೇಲೆ ಮಣಿ ಬಿದ್ದಿದೆ."

"ಆಟ ಮುಗಿದ ಮೇಲೆ ಹುಡುಕಿ ಕೊಡ್ತಾರೆ. ನಿಮ್ಮ ಸೀಟಿಗೆ ಹೋಗಿ."

ಅವನು ಅವಳ ಸರ ಹರಿದಿದೆ ಎಂದುಕೊಂಡಿದ್ದ. ವಿವರಿಸುತ್ತಾ ನಿಲ್ಲಲು ಹೊತ್ತಿರಲಿಲ್ಲ. ಕಾವಲಿನವನ ಭುಜದಾಚೆ ಕೂಗಳತೆಯಲ್ಲಿ ಬೆಂಚಿತ್ತು, ಬೆಂಚಿನ ಮೇಲೆ ಅವನಿದ್ದ. ಅವನ ಜೊತೆ ಒಂದಲ್ಲ ಒಂದು ದಿನ ಮಾತಾಡುತ್ತೇನೆಂದು ಅವಳು ಮಿಷನ್ನಿನ ಮುಂದೆ ಕೂತು ಎಷ್ಟೋ ಸಲ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದಳು. ನಿಮ್ಮ ಕೆಲಸ ನನಗೆ ಕಾಣಿಸುತ್ತೆ ಎಂದು ಹೇಳಬೇಕು ಎಂದಿತ್ತು. ಈಗ ಅವಳ ಗಂಟಲಿನಿಂದ ಹೊರಟದ್ದು ಒಂದೇ ಕೂಗು.

"ಏ ಕತ್ತೆ!"

ಸುತ್ತಲಿದ್ದವರೆಲ್ಲ ತಿರುಗಿದರು. ಅವನೂ ತಿರುಗಿದ.

"ಅಪ್ಪಾ, ಐಸ್ ಮೇಲೆ ಗಾಜಿನ ಮಣಿ ಬಿದ್ದಿದೆ. ನಾನು ಎಸೆದ ಬೊಂಬೇದು. ನನ್ನದೇ ತಪ್ಪು. ಅವನನ್ನ ನಿಲ್ಲಿಸಪ್ಪ."

ಅವನು ಒಂದು ಮಾತೂ ಬೆಳೆಸಲಿಲ್ಲ. "ಯಾವ ಕಡೆ ಬಿತ್ತಮ್ಮ?" ಎಂದಷ್ಟೇ ಕೇಳಿದ. ಅವಳು ತೋರಿಸಿದಳು. ಅವನು ಬ್ಲೇಡಿಗೆ ಹಾಕಿದ್ದ ಕವಚ ಕಿತ್ತು ಬೆಂಚಿನ ಮೇಲೆ ಎಸೆದ. ಕೋಚ್ ತೋಳು ಹಿಡಿದು, "ಎಲ್ಲಿಗೋ, ಅಂಕ ಬರ್ತಿದೆ," ಎಂದರು. ಬಿಡಿಸಿಕೊಂಡು ಐಸ್ ಮೇಲೆ ಇಳಿದೇಬಿಟ್ಟ.

"ನಿಲ್ಲೋ! ಇದ್ದಲ್ಲೇ ನಿಲ್ಲು!"

ಕಪ್ಪೆ ಬ್ಲೇಡು ಅಡ್ಡ ಹಾಕಿ ನಿಂತ. ರೆಫರಿ ಸೀಟಿ ಊದಿದರು. ಇಡೀ ಸಭಾಂಗಣ ಏನೆಂದು ತಿಳಿಯದೆ ಗುಜುಗುಜು ಎಂದಿತು. ಬುಟ್ಟಿಯಿಂದ ಹುಡುಗಿಯೊಬ್ಬಳು ಪರದೆಯಕ್ಕನ ಕತ್ತೆಯನ್ನು ಹುಡುಕಿ ತಂದಳು. ಎರಡು ಕಣ್ಣಿನ ಜಾಗದಲ್ಲೂ ತೂತು, ಬುಟ್ಟಿಯ ತಳದಲ್ಲೂ ಮಣಿಯಿಲ್ಲ. ಹಾಗಾದರೆ ಮಣಿ ಐಸ್ ಮೇಲಿರುವುದು ಖಂಡಿತ. ಅದನ್ನು ಕಂಡ ಮೇಲೆ ಕಾವಲಿನವನು ಅಡ್ಡ ಹಿಡಿದ ಕೈ ಇಳಿಸಿದ. ಪರದೆಯಕ್ಕ ಐಸ್ ಸುತ್ತಲಿನ ಗೋಡೆಗೆ ಎದೆ ಒತ್ತಿ ನಿಂತಳು.

ಐಸ್ ಮೇಲೆ ಈಗ ಅವರಿಬ್ಬರು. ಕತ್ತೆ ಒಂದು ಕಡೆಯಿಂದ, ಕಪ್ಪೆ ಇನ್ನೊಂದು ಕಡೆಯಿಂದ, ಇಬ್ಬರೂ ತಲೆ ತಗ್ಗಿಸಿ, ಹೆಜ್ಜೆ ಹೆಜ್ಜೆಗೂ ನಿಂತು ಹುಡುಕುತ್ತಿದ್ದರು. ನಿಂತಷ್ಟೂ ಕಾಲು ತಣ್ಣಗಾಗುತ್ತದೆ, ತಣ್ಣಗಾದರೆ ಜಿಗಿತ ಕೆಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹುಡುಕಿ ಹುಡುಕಿ ಸಿಗದೆ, ಏನೂ ಇಲ್ಲ ಎಂದು ಶುರು ಮಾಡಿಬಿಟ್ಟರೆ? ಆಮೇಲೆ ಅವನು ಅದರ ಮೇಲೇ ಇಳಿದರೆ? ಅಂಗೈಯಲ್ಲಿದ್ದ ಮಣಿಯನ್ನು ಚರ್ಮದ ಮೇಲೆ ಅದರ ಗುರುತು ಮೂಡುವ ಹಾಗೆ ಹಿಸುಕುತ್ತಿದ್ದಳು.

ಆಚೆ ಮೂಲೆಗೆ ಹತ್ತಿರದಲ್ಲಿ ಕತ್ತೆ ಮಂಡಿಯೂರಿದ. ಅದೇ ನೋವಿರುವ ಮಂಡಿ. ಕೆನ್ನೆ ಐಸ್‌ಗೆ ತಾಗುವಷ್ಟು ಬಗ್ಗಿ, ಒಂದು ಕುಳಿಯೊಳಗಿನಿಂದ ಉಗುರಿನಲ್ಲಿ ಏನನ್ನೋ ಕೆದಕಿ ತೆಗೆದ. ಎದ್ದು, ರೆಫರಿಗೆ ಕಾಣಲೆಂದು ಅದನ್ನು ಎರಡು ಬೆರಳಿನಲ್ಲಿ ಮೇಲಕ್ಕೆ ಹಿಡಿದ.

ಅದೇ ಹೊತ್ತಿಗೆ ಅವನ ಬೆನ್ನ ಹಿಂದಿನ ದೊಡ್ಡ ಬೋರ್ಡಿನಲ್ಲಿ ಅವನ ಅಂಕ ಬಂತು.

ಅವನಿಗೆ ಹಿಂದೆಂದೂ ಅಷ್ಟು ಅಂಕ ಬಂದಿರಲಿಲ್ಲ. ಅದರ ಹತ್ತಿರಕ್ಕೂ ಬಂದಿರಲಿಲ್ಲ. ಸಭಾಂಗಣ ಎದ್ದು ನಿಂತು ಕಿವಿಗಡಚಿಕ್ಕುವಂತೆ ಚಪ್ಪಾಳೆ ಹೊಡೆಯಿತು. ಖಾಲಿ ಬೆಂಚಿನ ತುದಿಯಲ್ಲಿ ಕೋಚ್ ಒಬ್ಬರೇ ಅಳುತ್ತಿದ್ದರು. ಕತ್ತೆ ಮಾತ್ರ, ಈ ಗದ್ದಲವೆಲ್ಲ ಮಣಿ ಸಿಕ್ಕಿದ್ದಕ್ಕೆ ಎಂದುಕೊಂಡು, ಸಂಕೋಚದಿಂದ ನಗುತ್ತಾ, ಇನ್ನೊಂದು ದಿಕ್ಕಿನವರಿಗೂ ಕಾಣಲೆಂದು ಅದನ್ನು ಆ ಕಡೆಗೂ ಎತ್ತಿ ತೋರಿಸಿದ. ಚಪ್ಪಾಳೆ ಇನ್ನೂ ಜೋರಾಯಿತು.

ಅವನು ಗೋಡೆಯ ಹತ್ತಿರ ಬಂದು ಮಣಿಯನ್ನು ಅವಳ ಅಂಗೈಯಲ್ಲಿಟ್ಟ. "ತಗೊಳ್ಳಿ ಅಮ್ಮ. ಒಂದು ಮಣಿಗೆ ಇಷ್ಟು ಚಪ್ಪಾಳೆ ನಾನು ನೋಡೇ ಇಲ್ಲ."

"ಮಣಿಗಲ್ಲಪ್ಪ," ಎಂದಳು. "ಹಿಂದೆ ತಿರುಗಿ ನೋಡು."

ಅವನು ತಿರುಗಿದ. ತಿರುಗಿದವನು ಎಷ್ಟೋ ಹೊತ್ತು ಹಾಗೇ ನಿಂತ. ಅವಳಿಗೆ ಕಂಡದ್ದು ಅವನ ಬೆನ್ನು ಮಾತ್ರ. ಆ ಕ್ಷಣಕ್ಕಾಗಿ ಅವನು ವರ್ಷಗಟ್ಟಲೆ ಆ ಬೆಂಚಿನ ಮೇಲೆ ಕೂತು ಕಾದಿದ್ದ, ಅದು ಬಂದಾಗ ಅವನು ಅಲ್ಲಿರಲಿಲ್ಲ. ಅವನನ್ನು ಅಲ್ಲಿಂದ ಎಬ್ಬಿಸಿದ್ದು ಅವಳ ಎರಡು ಕಾಳಿನಷ್ಟು ಡೌಲು.

ಕಪ್ಪೆ ತನ್ನ ಜಾಗಕ್ಕೆ ಹೋಗುತ್ತಾ ಅವಳ ಎದುರು ನಿಧಾನಿಸಿ, "ಥ್ಯಾಂಕ್ಸ್ ಅಜ್ಜಿ," ಎಂದ. ಬೇರೆ ದಿನವಾಗಿದ್ದರೆ ಅಜ್ಜಿ ಎಂದಿದ್ದಕ್ಕೆ ಅವಳು ಅವನನ್ನು ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ. ಈಗ, "ನಿಧಾನ ಮಗಾ," ಎಂದಳು. ಅವನ ಸಂಗೀತ ಮುಗಿಯುವವರೆಗೂ ಒಂದೊಂದು ಜಿಗಿತಕ್ಕೂ ಬೀಳಬೇಡ, ಬೀಳಬೇಡ ಎಂದುಕೊಂಡಳು. ಆಚೆ ಮೂಲೆಯಲ್ಲಿ, ಮಣಿ ಸಿಕ್ಕಿದ್ದ ಜಾಗದ ಹತ್ತಿರದಲ್ಲೇ, ಅವನು ನಾಲ್ಕು ಸುತ್ತು ತಿರುಗಿ ಇಳಿದ. ನಿಂತ. ಕತ್ತೆ ಬಳಗದಲ್ಲಿ ಮೊದಲು ಚಪ್ಪಾಳೆ ತಟ್ಟಿದ್ದು ಅವಳು. ಬಹುಶಃ ತಟ್ಟಿದ್ದೇ ಅವಳೊಬ್ಬಳು.

ಕೂದಲೆಳೆಯಷ್ಟು ಅಂತರದಲ್ಲಿ ವಿಶ್ವ ಸ್ಪರ್ಧೆಯ ಅವಕಾಶ ಕಪ್ಪೆಯ ಪಾಲಾಯಿತು.

ಹೊರಗೆ ಬಳಗದವರು ಗುಂಪಾಗಿ ನಿಂತು ಆಗಲೇ ವಾದಕ್ಕಿಳಿದಿದ್ದರು. ಆ ಕೂದಲೆಳೆ ನ್ಯಾಯವೋ ಅನ್ಯಾಯವೋ, ಜಡ್ಜುಗಳು ಕೊನೆಗೂ ಕಣ್ಣು ಬಿಟ್ಟರೋ ಇಲ್ಲವೋ. ಪರದೆಯಕ್ಕ ಬಂದಾಗ ಮಾತು ನಿಂತಿತು. ಮೇಷ್ಟ್ರು ಅವಳ ಮುಖ ನೋಡದೆ, "ನೀವೊಂದು ಗಳಿಗೆ ಸುಮ್ಮನಿದ್ದಿದ್ರೆ," ಎಂದು ಶುರು ಮಾಡಿ, ಆ ವಾಕ್ಯ ಎಲ್ಲಿಗೆ ಹೋಗುತ್ತದೆಂದು ಅವರಿಗೇ ತಿಳಿದು, ಮಫ್ಲರ್ ಸರಿಮಾಡಿಕೊಂಡರು.

ಬಸ್ಸಿನಲ್ಲಿ ಕಣ್ಣಿಲ್ಲದ ಕತ್ತೆ ಅವಳ ಮಡಿಲಲ್ಲಿತ್ತು. ನಾದಿನಿ ಕಿಟಕಿ ಕಡೆ ಕೂತಿದ್ದಳು.

"ಇವತ್ತು ಅಂಕ ಸರಿ ಇತ್ತಾ?" ಪರದೆಯಕ್ಕ ಕೇಳಿದಳು. "ನಿಜ ಹೇಳು."

ಯಾವಾಗಲೂ ಉತ್ತರ ನಾಲಿಗೆ ತುದಿಯಲ್ಲಿಟ್ಟುಕೊಂಡಿರುವ ನಾದಿನಿ ಕಿಟಕಿಯ ಮಬ್ಬು ಗಾಜನ್ನು ಅಂಗೈಯಲ್ಲಿ ಒರೆಸಿದಳು.

"ಸ್ಕೇಟಿಂಗ್‌ಗೆ ಕೊಟ್ಟಿದ್ದು ಸರಿ ಇತ್ತು, ಅತ್ತಿಗೆ. ಮಿಕ್ಕಿದ್ದಕ್ಕೆ ಯಾರೂ ಕೊಡಲಿಲ್ಲ."

"ಬರೋ ವರ್ಷ ಅವನು ಬರ್ತಾನಾ?"

"ಗೊತ್ತಿಲ್ಲ." ನಾದಿನಿ ಕತ್ತೆಯನ್ನು ಎತ್ತಿಕೊಂಡು ಕಣ್ಣಿನ ತೂತುಗಳ ಮೇಲೆ ಹೆಬ್ಬೆರಳು ಆಡಿಸಿದಳು. "ಬಂದ್ರೆ ಅಂತ ಎರಡು ಹೊಲಿದಿಟ್ಟಿರು. ದಾರದ ಕಣ್ಣೇ ಸಾಕು."

"ಎರಡು ಯಾಕೆ?"

"ಒಂದು ನಾನು ಎಸೀತೀನಿ."